ಕೆಲಸ ಬಲ್ಲವರು, ಮಾತು ಬಲ್ಲವರು: ಸಂದರ್ಶನದ ಫಾರಂನಲ್ಲಿ ಎರಡನ್ನೂ ಕೂಡಿಸಿ ಅಳೆಯೋದು ಸರಿಯಾ?

ಅಂಕಪಟ್ಟಿ:
ಬ್ಯಾಕೆಂಡ್ (ಸರ್ವರ್, ಡೇಟಾಬೇಸ್ ಕಡೆಯ ಕೆಲಸ) ಎಂಜಿನಿಯರ್ ಹುದ್ದೆ, ಎರಡರಿಂದ ಐದು ವರ್ಷ ಅನುಭವ. ಫಾರಂನಲ್ಲಿ ಒಟ್ಟು ನೂರು ಅಂಕ: ತಾಂತ್ರಿಕ 60, ಕಮ್ಯುನಿಕೇಶನ್ 25, ತಂಡಕ್ಕೆ ಹೊಂದಿಕೆ 15. ಕೊನೆಗೆ ಉಳಿದವರು ಇಬ್ಬರು. ಮೊದಲನೆಯವರಿಗೆ 54 + 8 + 8 = 70. ಎರಡನೆಯವರಿಗೆ 36 + 23 + 14 = 73. ಲೆಕ್ಕದ ಪ್ರಕಾರ ಎರಡನೆಯವರು ಗೆದ್ದರು. ಪ್ಯಾನೆಲ್‌ನಲ್ಲಿ ಅರ್ಧ ಜನ ಒಪ್ಪುತ್ತಿಲ್ಲ. ತಪ್ಪಿರೋದು ಫಾರಂನಲ್ಲಾ, ಜನರಲ್ಲಾ? ಕಮ್ಯುನಿಕೇಶನ್‌ಗೆ ಇಷ್ಟು ಅಂಕ ಅಂತ ನೀವೆಲ್ಲ ಯಾವ ಆಧಾರದ ಮೇಲೆ ಇಡ್ತೀರಿ?

ನಟ್ಟುಬೋಲ್ಟು:
ಫಾರಂನಲ್ಲೇ ತಪ್ಪಿದೆ, ಅದೂ ಕೂಡೋ ಚಿಹ್ನೆಯಲ್ಲಿ. ಕೂಡಿದ ತಕ್ಷಣ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತೆ ಅಂತ ನೀವು ಒಪ್ಪಿಕೊಂಡ ಹಾಗೆ. 36 ಅಂಕದ ತಾಂತ್ರಿಕ ಜ್ಞಾನಕ್ಕೆ 23 ಅಂಕದ ಮಾತು ಸೇರಿಸಿದರೆ 59 ಅಂಕದ ತಾಂತ್ರಿಕ ಜ್ಞಾನ ಆಗಿಬಿಡುತ್ತಾ? ರಾತ್ರಿ ಡೇಟಾಬೇಸ್ ಲಾಕ್ ಆಗಿ ಕೂತಾಗ ಆ 23 ಎಲ್ಲಿಗೆ ಬಂತು? ಅದೇ ರೀತಿ, 54 ಇದ್ದವರು ಏನು ಮಾಡಿದೆ ಅಂತ ಯಾರಿಗೂ ಹೇಳದೇ ಇದ್ದರೆ ಆ 54 ಅವರ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತೆ.

ಪ್ರತಿಯೊಂದಕ್ಕೂ ಬೇರೆ ಬೇರೆ ಕನಿಷ್ಠ ಮಟ್ಟ ಇಡಿ. ಎರಡನ್ನೂ ದಾಟಿದವರನ್ನು ಮಾತ್ರ ಹೋಲಿಸಿ. ಒಂದನ್ನು ದಾಟದವರು ಇನ್ನೊಂದರಲ್ಲಿ ನೂರಕ್ಕೆ ನೂರು ತೆಗೆದಿದ್ದರೂ ಅಲ್ಲಿಗೇ ನಿಂತರು.

ಇನ್ನೊಂದು ಪ್ರಶ್ನೆ. ಆ 25 ಅಂಕ ಯಾವುದನ್ನು ನೋಡಿ ಕೊಟ್ಟಿರಿ? ‘ಕಮ್ಯುನಿಕೇಶನ್’ ಅನ್ನೋ ಒಂದೇ ಕೌಶಲ ಅಂತ ಏನೂ ಇಲ್ಲ. ಬಿಡಿಸಿದರೆ ಐದು ಸಿಗುತ್ತೆ: ಅಸ್ಪಷ್ಟವಾಗಿದ್ದನ್ನು ಕೇಳಿ ಸ್ಪಷ್ಟ ಮಾಡಿಕೊಳ್ಳೋದು, ಕೆಲಸ ಎಲ್ಲಿಗೆ ಬಂತು ಅಂತ ನೇರವಾಗಿ ಹೇಳೋದು, ಬರೆಯೋದು, ವಿಷಯ ಗೊತ್ತಿಲ್ಲದವರಿಗೆ ತಿಳಿಸೋದು, ಒಪ್ಪದೇ ಇದ್ದಾಗ ಕಾರಣ ಕೊಟ್ಟು ಬೇಡ ಅನ್ನೋದು. ಇದರಲ್ಲಿ ಒಂದು ಚೆನ್ನಾಗಿದ್ದು ಇನ್ನೊಂದು ಸೊನ್ನೆ ಇರೋ ಜನ ಧಾರಾಳವಾಗಿ ಸಿಗ್ತಾರೆ. ಸಭೆಯಲ್ಲಿ ನಿರರ್ಗಳ, ಕೆಲಸ ದಾಖಲಿಸೋ ಟಿಕೆಟ್‌ನಲ್ಲಿ ಎರಡು ಪದ. ಅಥವಾ ತದ್ವಿರುದ್ಧ.

ಎಚ್ಆರ್_ಕಿಟಕಿ:
ಎಂಜಿನಿಯರ್‌ಗಳು ಸೇರಿದ ಕಡೆ ಈ ಮಾತು ಯಾವಾಗಲೂ ಇದೇ ದಿಕ್ಕಿಗೆ ವಾಲುತ್ತೆ, ಅದಕ್ಕೇ ಎದುರು ಪಕ್ಷ ನಾನು ಹಿಡೀತೀನಿ. ತಂಡದಲ್ಲಿ 5 ಜನ ಇದ್ದರೆ ಇಬ್ಬಿಬ್ಬರು ಮಾತಾಡಿಕೊಳ್ಳುವ ಜೋಡಿ 10. 10 ಜನ ಆದರೆ 45. 15 ಜನ ಆದರೆ 105. ಜನ ಮೂರು ಪಟ್ಟಾದಾಗ ಜೋಡಿಗಳು ಹತ್ತು ಪಟ್ಟಿಗಿಂತ ಹೆಚ್ಚು. ಕೆಲಸ ತಡವಾಗೋದು ಬಹುಪಾಲು ಈ ಜೋಡಿಗಳ ನಡುವೆಯೇ.

ಉದಾಹರಣೆ ಬೇಕಾದರೆ ನಾಸಾದ ಮಂಗಳ ಗ್ರಹದ ನೌಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ತಗೊಳ್ಳಿ, 1999. ಒಂದು ತಂಡದ ಸಾಫ್ಟ್‌ವೇರ್ ಪೌಂಡ್-ಫೋರ್ಸ್ ಸೆಕೆಂಡ್‌ನಲ್ಲಿ ಅಂಕಿ ಕೊಟ್ಟಿತು, ಇನ್ನೊಂದು ತಂಡ ಅದನ್ನು ನ್ಯೂಟನ್ ಸೆಕೆಂಡ್ ಅಂತ ಓದಿಕೊಂಡಿತು. ವ್ಯತ್ಯಾಸ ಸುಮಾರು 4.45 ಪಟ್ಟು. ನೌಕೆ ಹೋಯಿತು. ಎರಡೂ ಕಡೆ ಇದ್ದವರು ಪರಿಣತರೇ. ಗೂಗಲ್ ತನ್ನೊಳಗೇ ನಡೆಸಿದ ಪ್ರಾಜೆಕ್ಟ್ ಆಕ್ಸಿಜನ್ ಅನ್ನೋ ಅಧ್ಯಯನದಲ್ಲೂ ಎಂಟು ಗುಣಗಳ ಮೊದಲ ಪಟ್ಟಿಯಲ್ಲಿ ತಾಂತ್ರಿಕ ಕೌಶಲ ಬಂದಿದ್ದು ಎಂಟನೆಯ ಸ್ಥಾನಕ್ಕೆ.

ಲಾಗ್_ಓದುಗ:
ಮೇಡಂ, ಎರಡೂ ಉದಾಹರಣೆ ನಿಜ, ಆದರೆ ಎರಡೂ ನಿಮ್ಮ ಪರ ಸಾಕ್ಷಿ ಹೇಳಲ್ಲ.

ಪ್ರಾಜೆಕ್ಟ್ ಆಕ್ಸಿಜನ್ ನೋಡಿದ್ದು ಮ್ಯಾನೇಜರ್‌ಗಳನ್ನು. ಅವರೆಲ್ಲ ಆಗಲೇ ಗೂಗಲ್ ಒಳಗಿದ್ದವರು, ಅಂದರೆ ತಾಂತ್ರಿಕ ಜರಡಿ ದಾಟಿ ಬಂದವರು. ಎಲ್ಲರೂ ಆರಡಿ ಎತ್ತರ ಇರುವ ಬ್ಯಾಸ್ಕೆಟ್‌ಬಾಲ್ ತಂಡದೊಳಗೆ ಎತ್ತರಕ್ಕೂ ಗೋಲಿಗೂ ಸಂಬಂಧ ಕಮ್ಮಿ ಕಾಣುತ್ತೆ. ಹಾಗಂತ ಆಯ್ಕೆ ಮಾಡುವಾಗ ಎತ್ತರ ಲೆಕ್ಕಕ್ಕಿಲ್ಲ ಅನ್ನೋಕಾಗುತ್ತಾ?

ಮಾರ್ಸ್ ನೌಕೆಯ ವಿಷಯ: ಯಾವ ಮಾನದಲ್ಲಿ ಅಂಕಿ ಕೊಡಬೇಕು ಅಂತ ಇಂಟರ್‌ಫೇಸ್ ದಾಖಲೆಯಲ್ಲಿ ಬರೆದೇ ಇತ್ತು, ಮೆಟ್ರಿಕ್ ಅಂತ. ಬರೆದಿದ್ದಕ್ಕೂ ಕೋಡ್ ಕೊಡುತ್ತಿದ್ದುದಕ್ಕೂ ತಾಳೆ ಇದೆಯಾ ಅಂತ ಕೊನೆಯವರೆಗೂ ಪರೀಕ್ಷೆ ಆಗಲಿಲ್ಲ. ಪಥದಲ್ಲಿ ಏನೋ ಸರಿ ಇಲ್ಲ ಅನ್ನೋ ಅನುಮಾನ ಪಥ ನಿರ್ವಹಣೆಯವರಿಗೆ ಬಂದಿತ್ತು, ಆದರೆ ಅದು ಔಪಚಾರಿಕ ದೂರಾಗಿ ದಾಖಲಾಗದೇ ಅನೌಪಚಾರಿಕವಾಗಿ ಉಳಿಯಿತು. ಅಲ್ಲಿ ಬೇಕಿದ್ದ ಕಮ್ಯುನಿಕೇಶನ್ ಅಂದರೆ ಒಂದು ಫಾರಂ ತುಂಬಿ, ಉತ್ತರ ಬರೋವರೆಗೂ ಬೆನ್ನು ಹತ್ತೋದು. ಸಂದರ್ಶನದಲ್ಲಿ ನಾವು 25 ಅಂಕ ಕೊಡೋದು ಈ ಗುಣಕ್ಕಾ? ಕೊಡೋದು ದನಿಗೆ, ನಗುವಿಗೆ, ತಡವರಿಸದೇ ಮಾತಾಡೋದಕ್ಕೆ.

ಶಿಫ್ಟ್_ಇನ್‌ಚಾರ್ಜ್:
ಇದಕ್ಕೆ ಹಾರಿದ ಸ್ವಲ್ಪ ಹೊತ್ತಿಗೇ ಒಡೆದುಹೋದ ನಾಸಾ ಬಾಹ್ಯಾಕಾಶ ನೌಕೆ ಚಾಲೆಂಜರ್ ಇನ್ನೂ ಸರಿಯಾದ ಉದಾಹರಣೆ. 1986 ಜನವರಿ 27ರಂದು, ಉಡಾವಣೆಯ ಹಿಂದಿನ ರಾತ್ರಿ, ಬೂಸ್ಟರ್ ತಯಾರಕರ ಎಂಜಿನಿಯರ್‌ಗಳು ದೂರವಾಣಿ ಸಭೆಯಲ್ಲಿ ಬಾಯಿ ಬಿಟ್ಟು ಹೇಳಿದರು: 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಾರಿಸಬೇಡಿ ಅಂತ. ಪುಟಗಟ್ಟಲೆ ಚಾರ್ಟ್‌ಗಳನ್ನೂ ಕಳಿಸಿದ್ದರು. ಆದರೆ ತಾಪಮಾನ ಒಂದು ಅಕ್ಷ, ಓ-ರಿಂಗ್ (ಬೂಸ್ಟರ್ ಕೀಲುಗಳನ್ನು ಮುಚ್ಚೋ ರಬ್ಬರ್ ಬಳೆ) ಹಾನಿ ಇನ್ನೊಂದು ಅಕ್ಷ ಅಂತ ಹಿಂದಿನ ಎಲ್ಲ ಉಡಾವಣೆಗಳನ್ನೂ ಒಂದೇ ನಕ್ಷೆಯಲ್ಲಿ ಹಾಕಿದ್ದು ಯಾವುದೂ ಇರಲಿಲ್ಲ. ಹಾನಿ ಆಗದ ಉಡಾವಣೆಗಳನ್ನು ಬಿಟ್ಟು ನೋಡಿದ್ದರಿಂದ ಚಳಿಗೂ ಹಾನಿಗೂ ನಂಟು ಕಾಣಲಿಲ್ಲ. ಅವನ್ನೂ ಸೇರಿಸಿದರೆ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತೆ.

ಇದರಲ್ಲಿ ಮಾತಿನ ಕೊರತೆ ಎಷ್ಟು, ಕೇಳುವವರ ಕಿವುಡು ಎಷ್ಟು ಅಂತ ಇವತ್ತಿಗೂ ವಾದ ಇದೆ. ನೇಮಕಾತಿಗೆ ಬೇಕಾದ್ದು ಇಷ್ಟೇ: ಸರಿಯಾದ ಅಂಕಿಯನ್ನು ಸರಿಯಾದ ಚಿತ್ರಕ್ಕೆ ಇಳಿಸೋದು ತಾಂತ್ರಿಕ ಕೌಶಲವೂ ಹೌದು, ಸಂವಹನವೂ ಹೌದು. ನಿಮ್ಮ ಫಾರಂನಲ್ಲಿ ಅದು ಯಾವ ಕಾಲಂಗೆ ಬರುತ್ತೆ? ಎರಡಕ್ಕೂ ಬರಲ್ಲ.

ಬಾಯಿಲ್ಲದ_ಬಗ್:
ಬಾಯಿದ್ದವ ಬರಗಾಲದಲ್ಲೂ ಬದುಕಿದ ಅಂತಾರೆ. ಸರಿ, ಅವನು ಬದುಕಿದ. ಪ್ರೊಡಕ್ಷನ್ ಬದುಕಿತಾ?

ನಟ್ಟುಬೋಲ್ಟು:
😀 ಬದುಕಿರಲ್ಲ.

ತಾಳೆಪುಸ್ತಕ:
ಅಂಕಿ ಕೇಳುವವರಿಗೆ: ಯಾವ ಆಯ್ಕೆ ವಿಧಾನಕ್ಕೂ ಮುಂದಿನ ಕೆಲಸಕ್ಕೂ ಎಷ್ಟು ತಾಳೆ ಅನ್ನೋ ಬಗ್ಗೆ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ ದೊಡ್ಡ ವಿಶ್ಲೇಷಣೆ 1998ರಲ್ಲಿ ಬಂತು. ಅದರ ತಿದ್ದಿದ ಲೆಕ್ಕ 2022ರಲ್ಲಿ, ಜರ್ನಲ್ ಆಫ್ ಅಪ್ಲೈಡ್ ಸೈಕಾಲಜಿಯಲ್ಲಿ. 0 ಅಂದರೆ ಸಂಬಂಧವೇ ಇಲ್ಲ, 1 ಅಂದರೆ ಪೂರ್ತಿ ತಾಳೆ. 2022ರ ಲೆಕ್ಕದಲ್ಲಿ ಚೌಕಟ್ಟು ಹಾಕಿದ ಸಂದರ್ಶನ 0.42, ಕೆಲಸದ ಜ್ಞಾನದ ಪರೀಕ್ಷೆ 0.40, ಕೆಲಸದ ಮಾದರಿ ಮಾಡಿಸೋದು 0.33, ಚೌಕಟ್ಟಿಲ್ಲದ ಹರಟೆಯಂಥ ಸಂದರ್ಶನ 0.19.

ಚೌಕಟ್ಟು ಅಂದರೆ ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ, ಯಾವ ಉತ್ತರಕ್ಕೆ ಎಷ್ಟು ಅಂಕ ಅನ್ನೋದು ಮೊದಲೇ ಬರೆದಿಟ್ಟಿರೋದು. ಚೌಕಟ್ಟಿಲ್ಲದ ಸಂದರ್ಶನದಲ್ಲಿ ಮಾತಿನ ಚಾಕಚಕ್ಯತೆ ಎಲ್ಲ ಕಾಲಂಗೂ ಸೋರುತ್ತೆ. ಚೆನ್ನಾಗಿ ಮಾತಾಡಿದವರು ತಂಡಕ್ಕೂ ಹೊಂದುತ್ತಾರೆ, ತಾಂತ್ರಿಕವಾಗಿಯೂ ‘ಪರವಾಗಿಲ್ಲ’ ಅನ್ನಿಸುತ್ತೆ. ಈ ಪೋಸ್ಟಿನ ಅಂಕವನ್ನೇ ನೋಡಿ, ಕಮ್ಯುನಿಕೇಶನ್ 8 ಇದ್ದವರಿಗೆ ಹೊಂದಿಕೆಯೂ 8, 23 ಇದ್ದವರಿಗೆ ಹೊಂದಿಕೆ 14. ಒಂದೇ ಅಭಿಪ್ರಾಯಕ್ಕೆ ಎರಡು ಸಲ ಅಂಕ ಬಿದ್ದಿರೋ ಸಾಧ್ಯತೆ ಜಾಸ್ತಿ.

ಹಾಗೇ ‘ಸಂವಹನದಲ್ಲಿ ಪದಗಳ ಪಾಲು ಶೇ. 7 ಮಾತ್ರ, ಉಳಿದದ್ದು ದನಿ ಮತ್ತು ಮುಖಭಾವ’ ಅನ್ನೋ ಸ್ಲೈಡ್ ಯಾರಾದರೂ ತೋರಿಸಿದರೆ ನಂಬಬೇಡಿ. 1967ರ ಆ ಪ್ರಯೋಗಗಳು ನಡೆದದ್ದು ಇಷ್ಟ-ಅನಿಷ್ಟದ ಭಾವನೆ ತಿಳಿಯೋ ಬಗ್ಗೆ, ಅದೂ ಪದ ಒಂದು ಹೇಳಿ ದನಿ ಇನ್ನೊಂದು ಹೇಳುವಂಥ ಸಂದರ್ಭದಲ್ಲಿ. ಡಿಸೈನ್ ರಿವ್ಯೂನಲ್ಲಿ ಶೇ. 93 ದನಿ, ಮುಖಭಾವದಲ್ಲೇ ತಿಳಿಯೋದಾಗಿದ್ದರೆ ದಾಖಲೆ ಬರೆಯೋ ಕಷ್ಟವೇ ಇರ್ತಿರಲಿಲ್ಲ.

ಅಂಕಪಟ್ಟಿ:
ಒಪ್ಪಿದೆ. ಹಾಗಾದರೆ ಬದಲಿಗೆ ಏನು ಮಾಡಿಸಬೇಕು? ‘ಕೆಲಸದ ಮಾದರಿ’ ಅಂತ ಎಲ್ಲರೂ ಹೇಳ್ತಾರೆ, ನಿಮಿಷದ ಲೆಕ್ಕದಲ್ಲಿ ಯಾರೂ ಹೇಳಲ್ಲ.

ಲಾಗ್_ಓದುಗ:
ನಿಮಿಷದ ಲೆಕ್ಕದಲ್ಲೇ ಹೇಳ್ತೀನಿ. ಒಟ್ಟು 90 ನಿಮಿಷ.

ಸುಮಾರು 150 ಸಾಲಿನ ಕೋಡ್ ಒಂದು, ಆರ್ಡರ್ ಮತ್ತು ಪಾವತಿಗೆ ಸಂಬಂಧಿಸಿದ್ದು. ಅದರಲ್ಲಿ ಬೇಕಂತಲೇ ಮೂರು ತಪ್ಪು ಹುದುಗಿಸಿ, ಮೂರು ಆಳದಲ್ಲಿ. ಮೇಲ್ಮಟ್ಟದ್ದು: ಪಟ್ಟಿಯ ಕೊನೆಯ ಪುಟದಲ್ಲಿ ಒಂದು ಸಾಲು ಬಿಟ್ಟುಹೋಗುತ್ತೆ. ನಡುವಿನದು: ಒಂದು ಕಡೆ ಸ್ಥಳೀಯ ಸಮಯ, ಇನ್ನೊಂದು ಕಡೆ ಯುಟಿಸಿ (ಜಾಗತಿಕ ಪ್ರಮಾಣ ಸಮಯ), ಎರಡನ್ನೂ ನೇರ ಹೋಲಿಸಿದೆ. ಆಳದ್ದು: ಟೈಮ್‌ಔಟ್ ಆದಾಗ ಪಾವತಿ ಕೋರಿಕೆ ಮತ್ತೆ ಹೋಗುತ್ತೆ, ಅದೇ ಕೋರಿಕೆ ಎರಡನೇ ಸಲ ಬಂದಿದೆ ಅಂತ ಗುರುತಿಸೋ ಐಡೆಂಪೊಟೆನ್ಸಿ ಕೀ ಇಲ್ಲ. ಜೊತೆಗೆ ಬೇಡಿಕೆಯಲ್ಲಿ ಒಂದು ಅಸ್ಪಷ್ಟ ಸಾಲು ಇರಲಿ: ‘ಹಳೆಯ ಆರ್ಡರ್‌ಗಳನ್ನು ತೋರಿಸಬೇಡಿ.’ ಹಳೆಯದು ಅಂದರೆ ಎಷ್ಟು ದಿನ, ಆರ್ಡರ್ ಕೊಟ್ಟ ದಿನದಿಂದಲಾ ತಲುಪಿದ ದಿನದಿಂದಲಾ, ಏನೂ ಬರೆದಿರಬಾರದು.

ಮೊದಲ 10 ನಿಮಿಷ ಓದಿ ಪ್ರಶ್ನೆ ಕೇಳೋಕೆ. ಆಮೇಲೆ 45 ನಿಮಿಷ ಅವರೊಬ್ಬರೇ. ಪಕ್ಕದಲ್ಲಿ ಯಾರೂ ಕೂರಬಾರದು, ಸ್ಕ್ರೀನ್ ಇಣುಕಬಾರದು. 2020ರಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 48 ಜನರ ಮೇಲೆ ಇದನ್ನು ನೋಡಿದ್ದಾರೆ: ಸಂದರ್ಶಕರ ಎದುರು ವೈಟ್‌ಬೋರ್ಡ್‌ನಲ್ಲಿ ಬಾಯಿ ಬಿಟ್ಟು ಯೋಚಿಸುತ್ತಾ ಬಿಡಿಸಬೇಕಾದವರ ಸಾಧನೆ, ಕೋಣೆಯಲ್ಲಿ ಒಬ್ಬರೇ ಕೂತು ಬಿಡಿಸಿದವರ ಅರ್ಧಕ್ಕಿಂತಲೂ ಕೆಳಗಿತ್ತು. ಎದುರು ಕೂತರೆ ನೀವು ಅಳೆಯೋದು ಗಾಬರಿಯನ್ನು.

ನಂತರ 15 ನಿಮಿಷ ಬರವಣಿಗೆ: ತಾಂತ್ರಿಕ ಹಿನ್ನೆಲೆ ಇಲ್ಲದ ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ 150 ಪದದೊಳಗೆ ಒಂದು ಟಿಪ್ಪಣಿ. ಕೊನೆಯ 20 ನಿಮಿಷ ಮಾತು: ಏನು ಮಾಡಿದಿರಿ, ಏನು ಬಿಟ್ಟಿರಿ, ಯಾಕೆ.

ಆ ಟಿಪ್ಪಣಿಯಲ್ಲೇ ಬಹಳಷ್ಟು ಗೊತ್ತಾಗುತ್ತೆ. ಮೂರು ಥರ ಬರುತ್ತೆ ನೋಡಿ.

ಒಂದು: ‘ರೀಟ್ರೈ ಲಾಜಿಕ್‌ನಲ್ಲಿ ಐಡೆಂಪೊಟೆನ್ಸಿ ಕೀ ಇಲ್ಲದ ಕಾರಣ ಟೈಮ್‌ಔಟ್ ಮೇಲೆ ಡುಪ್ಲಿಕೇಟ್ ಚಾರ್ಜ್. ಫಿಕ್ಸ್ ಆಗಿದೆ.’

ಎರಡು: ‘ಪಾವತಿ ವಿಭಾಗದಲ್ಲಿ ಕಂಡುಬಂದ ಕೆಲವು ಸಮಸ್ಯೆಗಳನ್ನು ಆದ್ಯತೆಯ ಮೇರೆಗೆ ಪರಿಶೀಲಿಸಿ, ಉತ್ತಮ ಗ್ರಾಹಕ ಅನುಭವಕ್ಕಾಗಿ ಅಗತ್ಯ ಸುಧಾರಣೆಗಳನ್ನು ಕೈಗೊಳ್ಳಲಾಗಿದೆ.’

ಮೂರು: ‘ಕೆಲವು ಗ್ರಾಹಕರಿಗೆ ಒಂದೇ ಆರ್ಡರ್‌ಗೆ ಎರಡು ಸಲ ಹಣ ಕಡಿತವಾಗಿರಬಹುದು. ಬ್ಯಾಂಕಿನ ಉತ್ತರ ತಡವಾದರೆ ನಮ್ಮ ವ್ಯವಸ್ಥೆ ಅದೇ ಕೋರಿಕೆಯನ್ನು ಮತ್ತೆ ಕಳಿಸುತ್ತಿತ್ತು. ಇನ್ನು ಮುಂದೆ ಹಾಗಾಗದಂತೆ ತಡೆದಿದ್ದೇನೆ. ಈಗಾಗಲೇ ಎರಡು ಸಲ ಕಡಿತವಾದವರ ಪಟ್ಟಿ ಇನ್ನೂ ತೆಗೆದಿಲ್ಲ. ಅದು ಸಿಗುವವರೆಗೆ ದೂರು ಬಂದರೆ ಆರ್ಡರ್ ಸಂಖ್ಯೆ ಬರೆದಿಟ್ಟುಕೊಳ್ಳಿ, ಹಣ ವಾಪಸ್ ಬರುವ ದಿನಾಂಕ ಹೇಳಬೇಡಿ.’

ಮೂರನೆಯದು ಸಿಕ್ಕರೆ ಯೋಚನೆಯೇ ಬೇಡ. ಕಷ್ಟ ಇರೋದು ಒಂದು ಮತ್ತು ಎರಡರ ನಡುವೆ. ಒಂದನೆಯದರಲ್ಲಿ ವಿಷಯ ಪೂರ್ತಿ ಇದೆ, ಓದುವವರು ಯಾರು ಅನ್ನೋ ಪ್ರಜ್ಞೆ ಇಲ್ಲ. ‘ಇದನ್ನು ಓದಿದ ಮೇಲೆ ಅವರು ಏನು ಮಾಡಬೇಕು?’ ಅಂತ ನಾಲ್ಕು ಸಲ ಕೇಳಿ ಹಿಂದಿರುಗಿಸಿದರೆ ಐದನೆಯ ಟಿಪ್ಪಣಿ ಮೂರರ ಹತ್ತಿರ ಬರುತ್ತೆ. ಎರಡನೆಯದರಲ್ಲಿ ವ್ಯಾಕರಣ ಇದೆ, ವಿಷಯ ಇಲ್ಲ. ಅದನ್ನು ಮೂರಕ್ಕೆ ತರಬೇಕಾದರೆ ಕಾರಣ ಏನು ಅನ್ನೋದೇ ಗೊತ್ತಿರಬೇಕು. ಬರವಣಿಗೆ ತಿದ್ದಿ ಆ ಕೊರತೆ ತುಂಬೋಕಾಗಲ್ಲ.

ಎಚ್ಆರ್_ಕಿಟಕಿ:
ಈ ಮೂರು ಟಿಪ್ಪಣಿ ನೋಡಿದ ಮೇಲೆ ನನ್ನ ವಾದ ಅರ್ಧ ಬಿಟ್ಟೆ. ಉಳಿದರ್ಧ ಇದು: ಒಂದನೆಯ ಥರದವರನ್ನು ತಿದ್ದೋಕೆ ಯಾರಿಗೆ ಪುರುಸೊತ್ತಿದೆ? ‘ಕಲಿಸಬಹುದು’ ಅಂತ ಎಲ್ಲರೂ ಹೇಳ್ತೀರಿ, ಕಲಿಸೋದಿಲ್ಲ. ಮತ್ತೆ ಇದನ್ನೆಲ್ಲ ಚಾಟ್‌ಬಾಟ್ ಬರೆದುಕೊಡಲ್ವಾ?

ಲಾಗ್_ಓದುಗ:
ಚಾಟ್‌ಬಾಟ್ ಬರೆದುಕೊಟ್ಟಿದ್ದು ಕೊನೆಯ 20 ನಿಮಿಷದಲ್ಲಿ ಗೊತ್ತಾಗುತ್ತೆ. ಒಂದು ಷರತ್ತು ಬದಲಾಯಿಸಿ: ‘ಬ್ಯಾಂಕಿನ ಕಡೆಯೇ ಆ ಕೀಯನ್ನು 24 ಗಂಟೆ ಆದ ಮೇಲೆ ಮರೆತುಬಿಡುತ್ತೆ ಅಂದುಕೊಳ್ಳಿ, ಆಗ ನಿಮ್ಮ ಪರಿಹಾರ ನಿಲ್ಲುತ್ತಾ?’ ತಾವೇ ಯೋಚಿಸಿದವರು ಸ್ವಲ್ಪ ಹೊತ್ತು ಸುಮ್ಮನಾಗಿ ಎಲ್ಲಿ ಮುರಿಯುತ್ತೆ ಅಂತ ಹೇಳ್ತಾರೆ. ಬೇರೆಯವರು ಮೊದಲ ಉತ್ತರವನ್ನೇ ಬೇರೆ ಪದದಲ್ಲಿ ಮತ್ತೆ ಹೇಳ್ತಾರೆ. ಆ ಮೌನವನ್ನು ದಯವಿಟ್ಟು ತುಂಬಬೇಡಿ, ಹತ್ತು ಸೆಕೆಂಡ್ ಆದರೂ ಬಿಡಿ. ಸಂದರ್ಶಕರೇ ಸುಳಿವು ಕೊಟ್ಟು ಆಮೇಲೆ ‘ಚೆನ್ನಾಗಿ ಹೇಳಿದರು’ ಅಂತ ಬರೆಯೋದು ಬಹಳ ಸಾಮಾನ್ಯ.

ಮಾತಿನ ಮಲ್ಲರನ್ನು ತೂಗೋಕೂ ಇದೇ ದಾರಿ. ಹಿಂದಿನ ಕೆಲಸದ ಬಗ್ಗೆ ಕೇಳಿ ನಾಲ್ಕು ಹಂತ ಕೆಳಗಿಳಿಯಿರಿ: ಏನು ಅಳೆದಿರಿ, ಮೊದಲು ಎಷ್ಟಿತ್ತು, ಬೇರೆ ಯಾವ ದಾರಿ ಬಿಟ್ಟಿರಿ, ಹಾಕಿದ ಮೇಲೆ ಏನು ಕೆಟ್ಟಿತು. ಕೊನೆಯ ಪ್ರಶ್ನೆಗೆ ‘ಏನೂ ಕೆಡಲಿಲ್ಲ’ ಅಂದರೆ ಅವರು ಆ ಕೆಲಸದ ಹತ್ತಿರ ಇರಲಿಲ್ಲ. ಆದರೆ ‘ನಾನು’ ಅನ್ನದೇ ‘ನಾವು’ ಅನ್ನುತ್ತಾರೆ ಅಂತ ಅಂಕ ಕಳೆಯಬೇಡಿ, ಎಷ್ಟೋ ಜನರಿಗೆ ಅದು ಸೌಜನ್ಯ. ‘ಅದರಲ್ಲಿ ನಿಮ್ಮ ಕೈಯಿಂದ ಆಗಿದ್ದು ಯಾವುದು?’ ಅಂತ ನೇರ ಕೇಳಿ.

ಶಿಫ್ಟ್_ಇನ್‌ಚಾರ್ಜ್:
ಕಲಿಸೋ ವಿಷಯಕ್ಕೆ ವಿಮಾನಯಾನ ನೋಡಿ. 1977 ಮಾರ್ಚ್ 27ರಂದು ಟೆನೆರಿಫೆ ರನ್‌ವೇಯಲ್ಲಿ ಎರಡು ಬೋಯಿಂಗ್ 747 ಡಿಕ್ಕಿಯಾಗಿ 583 ಜನ ಸತ್ತರು. ‘ಟೇಕಾಫ್’ ಅನ್ನೋ ಪದ ಅನುಮತಿಯಾ ವರದಿಯಾ ಅನ್ನೋದು ಅಲ್ಲಿ ಗೊಂದಲವಾಗಿತ್ತು. 1979ರಲ್ಲಿ ನಾಸಾ ಕಾರ್ಯಾಗಾರ ನಡೆಯಿತು, 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಕಾಕ್‌ಪಿಟ್ ಸಿಬ್ಬಂದಿಗೆ ಪೂರ್ಣ ತರಬೇತಿ ಶುರು ಮಾಡಿತು. ಇದ್ದ ಪೈಲಟ್‌ಗಳಿಗೇ ನಿಗದಿತ ಪದ, ಕೇಳಿಸಿಕೊಂಡದ್ದನ್ನು ತಿರುಗಿ ಹೇಳೋ ಕ್ರಮ, ಕಿರಿಯರು ಹಿರಿಯರಿಗೆ ತಪ್ಪು ತೋರಿಸೋ ಕ್ರಮ ಕಲಿಸಿದರು. ಮಾತುಗಾರರನ್ನು ಹುಡುಕಿ ಕಾಕ್‌ಪಿಟ್‌ನಲ್ಲಿ ಕೂರಿಸಲಿಲ್ಲ. ಆಸ್ಪತ್ರೆಗಳಲ್ಲಿ ಎಸ್‌ಬಿಎಆರ್ ಅನ್ನೋದೂ ಅದೇ ಜಾತಿಯದು: ಪರಿಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ಏನು ಮಾಡಬೇಕು, ನಾಲ್ಕು ವಾಕ್ಯ. ಆನ್‌ಕಾಲ್ ಎಂಜಿನಿಯರ್‌ಗೂ ಅದೇ ನಾಲ್ಕು ಸಾಲು ಸಾಕು.

ಪುರುಸೊತ್ತಿನ ಪ್ರಶ್ನೆಗೆ: ವಾರಕ್ಕೆ ಒಂದು ಟಿಪ್ಪಣಿ, ಒಬ್ಬರು ನಿಗದಿಯಾಗಿ 15 ನಿಮಿಷ ಓದಿ ತಿದ್ದಬೇಕು, 12 ವಾರ. ಒಟ್ಟು ಮೂರು ಗಂಟೆ. ಕನ್ಕರೆನ್ಸಿ (ಒಂದೇ ಹೊತ್ತಿಗೆ ಹಲವು ಕೆಲಸ ನಡೆಯೋ ಕೋಡ್ ಬರೆಯೋದು) ಗೊತ್ತಿಲ್ಲದವರಿಗೆ ಮೂರು ಗಂಟೆಯಲ್ಲಿ ಅದನ್ನು ಕಲಿಸಿ ತೋರಿಸಿ. ಒಂದು ಎಚ್ಚರಿಕೆ: ಮಾತು ಕಮ್ಮಿ ಇರೋರ ಪಕ್ಕ ಮಾತು ಬಲ್ಲ ಇನ್ನೊಬ್ಬರನ್ನು ಕಾಯಂ ದುಭಾಷಿಯಾಗಿ ಇಡಬೇಡಿ. ಅವರು ರಜೆ ಹಾಕಿದ ದಿನ ಇಬ್ಬರೂ ಇಲ್ಲದ ಹಾಗೆ.

ಮೆಲುದನಿ:
ಇಷ್ಟೊತ್ತಾದರೂ ಒಂದು ವಿಷಯ ಬರಲಿಲ್ಲ. ತೊದಲು ಇರೋರು, ಸಂದರ್ಶನದ ಭಾಷೆ ಮನೆಮಾತಲ್ಲದವರು, ಆಟಿಸಂ ಇರೋರು, ಇವರಿಗೆಲ್ಲ ‘ಕಮ್ಯುನಿಕೇಶನ್’ ಕಾಲಂನಲ್ಲಿ ಅಂಕ ಹೋಗೋದು ಉಚ್ಚಾರಣೆ, ಕಣ್ಣಿಗೆ ಕಣ್ಣು ಕೊಡೋದು, ಮಾತಿನ ವೇಗ ಇವುಗಳ ಮೇಲೆ. ಮೂರನ್ನೂ ಫಾರಂನಿಂದ ತೆಗೆಯಿರಿ. ಪ್ರಶ್ನೆಗಳನ್ನು ಕಾಗದದ ಮೇಲೂ ಕೊಡಿ. ಬರೆದು ಉತ್ತರಿಸೋ ಅವಕಾಶ ಎಲ್ಲರಿಗೂ ಇರಲಿ, ಕೇಳಿಕೊಂಡವರಿಗೆ ಮಾತ್ರ ಅಲ್ಲ. ಕೇಳಿಕೊಳ್ಳೋದೇ ಕೆಲವರಿಗೆ ದೊಡ್ಡ ಕಷ್ಟ.

ಹಾಗಂತ ಹುದ್ದೆಗೆ ನಿಜವಾಗಿ ಬೇಕಾದ್ದನ್ನು ಬಿಟ್ಟುಕೊಡೋದು ಬೇಡ. ಫೋನಿನಲ್ಲಿ ಗ್ರಾಹಕರ ಜೊತೆ ದಿನವಿಡೀ ಮಾತಾಡೋ ಬೆಂಬಲ ಹುದ್ದೆ, ಪ್ರೀಸೇಲ್ಸ್, ತಂಡದ ಮುಖ್ಯಸ್ಥರ ಹುದ್ದೆ, ಇವಕ್ಕೆಲ್ಲ ಮಾತಿನ ಕನಿಷ್ಠ ಮಟ್ಟ ಮೇಲಿರಬೇಕು. ಬರೀ ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆಯನ್ನು ಪರಿಶೀಲನೆಗೆ ಕಳಿಸೋ ಕೋರಿಕೆ) ಮತ್ತು ಟಿಕೆಟ್‌ನಲ್ಲೇ ನಡೆಯೋ ಕೆಲಸಕ್ಕೆ ಮಾತಿನ ಸಂದರ್ಶನ ಯಾಕೆ? ಆ ಹುದ್ದೆಯಲ್ಲಿ ಈಗ ಇರೋರ ಕಳೆದ ಎರಡು ವಾರದ ಕ್ಯಾಲೆಂಡರ್ ತೆಗೆದು ನೋಡಿ, ಎಷ್ಟು ಗಂಟೆ ಮಾತು, ಎಷ್ಟು ಬರಹ, ಯಾರ ಜೊತೆ. ಮಟ್ಟ ಅಲ್ಲಿಂದ ಬರಲಿ.

ತಾಳೆಪುಸ್ತಕ:
ಅಂಕ ಕೊಡೋದು 1ರಿಂದ 4 ಇಡಿ. 5 ಇಟ್ಟರೆ ಎಲ್ಲರೂ 3ಕ್ಕೆ ಹೋಗಿ ಕೂರ್ತಾರೆ. ಪ್ರತಿ ಅಂಕಕ್ಕೂ ಕಣ್ಣಿಗೆ ಕಾಣೋ ನಡವಳಿಕೆ ಬರೆದಿರಬೇಕು. ಮೇಲಿನ ‘ಹಳೆಯ ಆರ್ಡರ್’ ಸಾಲಿಗೇ ಹೇಳೋದಾದರೆ: ಗಮನಿಸದೇ ಕೋಡ್ ಬರೆದರೆ 1. ಗಮನಿಸಿ, ಮನಸ್ಸಿನಲ್ಲೇ ಊಹೆ ಮಾಡಿಕೊಂಡು, ಕೇಳಿದ ಮೇಲಷ್ಟೇ ಹೇಳಿದರೆ 2. ಮೊದಲೇ ಕೇಳಿದರೆ ಅಥವಾ ಊಹೆಯನ್ನು ಬರೆದಿಟ್ಟರೆ 3. ಕೇಳಿ, ಯಾವ ಅರ್ಥ ಹಿಡಿದರೆ ಏನು ಬದಲಾಗುತ್ತೆ ಅಂತಲೂ ಹೇಳಿದರೆ 4. ‘ಆತ್ಮವಿಶ್ವಾಸ’ ಅನ್ನೋ ಪದ ಫಾರಂನಲ್ಲಿ ಎಲ್ಲೂ ಇರಬಾರದು, ತಪ್ಪು ಉತ್ತರವನ್ನೂ ಆತ್ಮವಿಶ್ವಾಸದಿಂದ ಹೇಳಬಹುದು.

ಪ್ಯಾನೆಲ್ ಒಟ್ಟಿಗೆ ಕೂರೋ ಮೊದಲೇ ಪ್ರತಿಯೊಬ್ಬರೂ ಅಂಕ ಮತ್ತು ಕಾರಣ ಬರೆದು ಸಲ್ಲಿಸಲಿ. ಚರ್ಚೆಯಲ್ಲಿ ಕಿರಿಯರು ಮೊದಲು ಮಾತಾಡಲಿ. ಹಿರಿಯರು ಮೊದಲು ಬಾಯಿ ಬಿಟ್ಟರೆ ಉಳಿದ ಪೆನ್ನುಗಳು ಅಂಕ ತಿದ್ದೋಕೆ ಶುರು ಮಾಡುತ್ತವೆ.

ಅಂಕಪಟ್ಟಿ:
ಇದನ್ನೆಲ್ಲ ಓದಿ ಹಾಳೆಗಳನ್ನು ಮತ್ತೆ ತೆಗೆದು ನೋಡಿದೆ. ಮೊದಲನೆಯವರಿಗೆ ಕಮ್ಯುನಿಕೇಶನ್ 8 ಕೊಟ್ಟಿದ್ದಕ್ಕೆ ಬರೆದಿರೋ ಕಾರಣ ‘ಮೆಲ್ಲಗೆ ಮಾತಾಡ್ತಾರೆ, ಕಾನ್ಫಿಡೆನ್ಸ್ ಕಡಿಮೆ.’ ಎರಡನೆಯವರು ತಾಂತ್ರಿಕದಲ್ಲಿ ಕಳೆದುಕೊಂಡ 24ರಲ್ಲಿ 16 ಅಂಕ ಟ್ರಾನ್ಸಾಕ್ಷನ್ ಮತ್ತು ಲಾಕಿಂಗ್ ಪ್ರಶ್ನೆಗಳದ್ದು, ಉಳಿದ 8 ನಾವು ಬಳಸೋ ಒಂದು ಟೂಲ್ ಬಗ್ಗೆ.

ನಟ್ಟುಬೋಲ್ಟು:
ಟೂಲಿನ 8 ಮರೆತುಬಿಡಿ, ಎರಡು ವಾರದ ಮಾತು. ಆ 16 ಮಾತ್ರ ಬ್ಯಾಕೆಂಡ್ ಹುದ್ದೆಯ ಬೆನ್ನೆಲುಬು. ಆದರೂ ಈ ಹಾಳೆ ಹಿಡಿದು ಮೊದಲನೆಯವರನ್ನು ತಗೊಳ್ಳಿ ಅಂತ ನಾನೂ ಹೇಳಲ್ಲ. ಅವರ ಸಂವಹನವನ್ನು ನೀವು ಇನ್ನೂ ಅಳೆದೇ ಇಲ್ಲ, ದನಿ ಅಳೆದಿದ್ದೀರಿ.

ಅಂಕಪಟ್ಟಿ:
ಹಾಗಾದರೆ ಇಬ್ಬರಿಗೂ 90 ನಿಮಿಷದ ಮಾದರಿ ಮಾಡಿಸಬಹುದಾ? ಈಗಾಗಲೇ ಎರಡು ಸುತ್ತು ಆಗಿದೆ, ಇನ್ನೊಂದು ಸುತ್ತು ಅಂದರೆ ಬೇಸರ ಮಾಡಿಕೊಳ್ಳಲ್ವಾ?

ಲಾಗ್_ಓದುಗ:
ಮಾಡಿಸಿ, ಆದರೆ ಇದೇ ಕೊನೆಯ ಸುತ್ತು, ಮೂರು ದಿನದೊಳಗೆ ಉತ್ತರ ಕೊಡ್ತೀವಿ ಅಂತ ಬರೆದು ಕಳಿಸಿ. ಇಬ್ಬರಿಗೂ ಒಂದೇ ಕೋಡ್, ಒಂದೇ ಹೊತ್ತು. ಮನೆಗೆ ಕೊಡಬೇಡಿ, 90 ನಿಮಿಷದ್ದು ಎರಡು ದಿನದ ಕೆಲಸ ಆಗಿಬಿಡುತ್ತೆ, ಮನೆಯಲ್ಲಿ ಜವಾಬ್ದಾರಿ ಇರೋರು ಸೋಲ್ತಾರೆ. ಟಿಪ್ಪಣಿಗಳಿಂದ ಹೆಸರು ತೆಗೆದು ಕ, ಖ ಅಂತ ಗುರುತು ಹಾಕಿ. ತಿದ್ದೋಕೆ ಮೊದಲ ಎರಡು ಸುತ್ತಿನಲ್ಲಿ ಇಲ್ಲದವರೊಬ್ಬರಿಗೆ ಕೊಡಿ, ಸಾಧ್ಯವಾದರೆ ಗ್ರಾಹಕ ಸೇವೆಯವರಿಗೇ. ಅವರಿಗೆ ಒಂದೇ ಪ್ರಶ್ನೆ ಕೇಳಿ: ಇದನ್ನು ಓದಿದ ಮೇಲೆ ನಾಳೆ ಬೆಳಿಗ್ಗೆ ಗ್ರಾಹಕರ ಫೋನ್ ಬಂದರೆ ಏನು ಹೇಳ್ತೀರಿ?